ಸುಂಕದ ಹಿಂಪಾವತಿ: ಆಡಂ ಸ್ಮಿತ್ತನ ವಾದವೂ ಕಾರ್ಕಳದ ಗೇರುಬೀಜವೂ

ಆಡಂ ಸ್ಮಿತ್ತನು 1776ರಲ್ಲಿ ಪ್ರಕಟಿಸಿದ ‘ರಾಷ್ಟ್ರಗಳ ಸಂಪತ್ತು’ ಎಂಬ ಗ್ರಂಥದ ನಾಲ್ಕನೆಯ ಭಾಗದಲ್ಲಿ ಸುಂಕದ ಹಿಂಪಾವತಿಯನ್ನು ಕುರಿತ ಒಂದು ಕಿರಿಯ ಅಧ್ಯಾಯವಿದೆ. ಶ್ರಮವಿಭಜನೆಯ ಅಧ್ಯಾಯಕ್ಕೆ ನಮ್ಮ ತರಗತಿಗಳಲ್ಲಿ ಸಲ್ಲುವ ಗೌರವ ಇದಕ್ಕೆ ಸಂದಿಲ್ಲ. ಆದರೆ ಆಫ್ರಿಕದ ಕಚ್ಚಾ ಗೇರುಬೀಜವನ್ನು ತರಿಸಿ, ಸುಲಿಸಿ, ಅದರ ತಿರುಳನ್ನು ಪುನಃ ಪರದೇಶಕ್ಕೆ ಕಳುಹಿಸುವ ಉಡುಪಿ, ಕಾರ್ಕಳ ಪ್ರಾಂತದ ಓದುಗರಿಗೆ ಇದು ಇಂಗ್ಲೆಂಡಿನ ಹಳೆಯ ಸಂಗತಿಯಾಗಿ ಮಾತ್ರ ಉಳಿಯಲಾರದು.

ಸ್ಮಿತ್ತನ ವಾದ ಸರಳವಾದುದು. ರಫ್ತಿಗೆ ದೊರೆಯುವ ಪ್ರೋತ್ಸಾಹಗಳಲ್ಲಿ ಹಿಂಪಾವತಿಯೇ ಅತ್ಯಂತ ಯುಕ್ತವಾದುದು. ಸಹಾಯಧನವು ಬಂಡವಾಳವನ್ನು ಅದು ತಾನಾಗಿ ಹೋಗದ ಕಡೆಗೆ ಎಳೆಯುತ್ತದೆ. ಹಿಂಪಾವತಿಯಾದರೋ ಸುಂಕವು ಕದಲಿಸಿದುದನ್ನು ಸ್ವಸ್ಥಾನದಲ್ಲಿ ನಿಲ್ಲಿಸುತ್ತದೆ. ಅವನ ಮುಖ್ಯ ನಿದರ್ಶನ ಅಮೆರಿಕದ ಹೊಗೆಸೊಪ್ಪು. ಬ್ರಿಟನ್ನಿಗೆ ಬರುತ್ತಿದ್ದ ಸುಮಾರು 96,000 ಪೀಪಾಯಿಗಳಲ್ಲಿ ಸ್ವದೇಶದ ಬಳಕೆ 14,000ವನ್ನು ಮೀರುತ್ತಿರಲಿಲ್ಲ. ಉಳಿದುದನ್ನು ಮೂರು ವರ್ಷಗಳೊಳಗೆ ರಫ್ತು ಮಾಡಿದರೆ ಸುಂಕವೆಲ್ಲ ಹಿಂದಿರುಗುತ್ತಿತ್ತು.

ಈ ನಿದರ್ಶನದಲ್ಲಿಯೇ ವಾದದ ಮಿತಿಯೂ ಅಡಗಿದೆ. ಹೊಗೆಸೊಪ್ಪು ಬಂದ ರೂಪದಲ್ಲಿಯೇ ಹೊರಟುಹೋಗುವ ಸರಕು, ಗೇರುಬೀಜ ಹಾಗಲ್ಲ. ಆಮದಾದ ಬೀಜವೂ ನಮ್ಮ ಗುಡ್ಡಗಳ ಬೀಜವೂ ಕಾರ್ಖಾನೆಯಲ್ಲಿ ಬೆರೆತ ಮೇಲೆ, ಇಂಥ ತಿರುಳು ಇಂಥ ಹಡಗಿನದೆಂದು ತೋರಿಸುವುದು ಹೇಗೆ? ನಮ್ಮ 1962ರ ಸುಂಕ ಕಾಯಿದೆ ಈ ಭೇದವನ್ನು ಕಂಡುಕೊಂಡಿದೆ. ಅದರ 74ನೆಯ ವಿಧಿ ಬಂದ ಸರಕನ್ನೇ ಗುರುತಿಸಿ ಎರಡು ವರ್ಷಗಳೊಳಗೆ ಹಿಂದೆ ಕಳುಹಿಸಿದಲ್ಲಿ ಶೇ. 98ರಷ್ಟು ಸುಂಕವನ್ನು ಮರಳಿಸುತ್ತದೆ; 75ನೆಯ ವಿಧಿ ಸಿದ್ಧವಸ್ತುವಿನೊಳಗೆ ಸೇರಿಹೋದ ಆಮದಿನ ಸುಂಕಕ್ಕೆ ಸಂಬಂಧಿಸಿದ್ದು. ಎರಡನೆಯದರಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಇಡೀ ಉದ್ಯಮಕ್ಕೆ ನಿಗದಿಯಾದ ಸರಾಸರಿ ದರ. ಸರಾಸರಿಯೆಂದರೆ ಒಬ್ಬನಿಗೆ ಕೊಟ್ಟುದಕ್ಕಿಂತ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ. ಸ್ಮಿತ್ತನು ಕಂಡ ಸಮತೋಲ ಇಲ್ಲಿ ಅಂದಾಜಿನ ಸಮತೋಲವಾಗುತ್ತದೆ.

ಎರಡನೆಯ ಆಕ್ಷೇಪ ಕಾಲಕ್ಕೆ ಸಂಬಂಧಿಸಿದುದು. ಸುಂಕವಿಲ್ಲದಿದ್ದ ಕಚ್ಚಾ ಗೇರುಬೀಜದ ಮೇಲೆ 2016ರಲ್ಲಿ ಶೇ. 5ರ ಸುಂಕ ಬಿದ್ದಿತು. 2018ರಲ್ಲಿ ಅದು ಶೇ. 2.5ಕ್ಕೆ ಇಳಿಯಿತು. 2017ರ ಜುಲೈ 1ರಿಂದ ಆಮದಿನ ಮೇಲೆ ಶೇ. 5ರ ಸಮಗ್ರ ಸರಕು ಮತ್ತು ಸೇವಾ ತೆರಿಗೆಯೂ ಸೇರಿತು. ಮೇಲ್ತೆರಿಗೆಯನ್ನು ಬಿಟ್ಟು 2018ರ ದರದಲ್ಲಿ ಲೆಕ್ಕ ಹಾಕಿದರೆ, ಒಂದು ಲಕ್ಷ ರೂಪಾಯಿಯ ಬೀಜಕ್ಕೆ 2,500 ರೂಪಾಯಿ ಸುಂಕ, 5,125 ರೂಪಾಯಿ ತೆರಿಗೆ. ತೆರಿಗೆಯ ಭಾಗವು ಹಿಂಪಾವತಿಗೆ ಒಳಪಡುವುದಿಲ್ಲ. ಅದು ಜಮೆಯಾಗಿ ನಿಂತು, ರಫ್ತಾದ ಮೇಲೆ ಮರುಪಾವತಿಯಾಗತಕ್ಕದ್ದು. ಆದರೆ ಹೊಸ ವ್ಯವಸ್ಥೆಯ ಮೊದಲ ತಿಂಗಳುಗಳಲ್ಲಿ ದೇಶದಾದ್ಯಂತ ಮರುಪಾವತಿಗಳು ನಿಂತುಹೋಗಿ, 2018ರ ಮಾರ್ಚಿಯಲ್ಲಿ ಸರಕಾರವೇ ವಿಶೇಷ ಮರುಪಾವತಿ ಪಕ್ಷವನ್ನು ಆಚರಿಸಬೇಕಾಯಿತು. ಹಿಂದೆ ಬರುವ ಹಣವೂ ಬರುವವರೆಗೆ ಸಾಲವೇ. ಅದರ ಬಡ್ಡಿಯನ್ನು ತೆರುವವನು ವ್ಯಾಪಾರಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ಗಾದೆ ಈ ಅನುಭವದಿಂದ ದೂರವಿಲ್ಲ.

ಮೂರನೆಯದು, ಹಣ ಯಾರ ಕೈಸೇರುತ್ತದೆಂಬುದು. ಕಾನೂನು ಗುರುತಿಸುವುದು ರಫ್ತುದಾರನನ್ನು. ತಿರುಳನ್ನು ಮತ್ತೊಬ್ಬ ವರ್ತಕನಿಗೆ ಮಾರುವ ಸಣ್ಣ ಕಾರ್ಖಾನೆಗೆ ಹಿಂಪಾವತಿಯ ಫಲ ಬೆಲೆಯ ಮೂಲಕ ಬಂದರೆ ಬಂದೀತು. ಬೀಜ ಸುಲಿಯುವ ಹೆಂಗಸರ ಕೂಲಿಗೆ ಅದು ಇಳಿಯುತ್ತದೆಂಬುದಕ್ಕೆ ಕಾನೂನಿನಲ್ಲಿ ಆಧಾರವೇನೂ ಇಲ್ಲ.

ಇಷ್ಟಾದರೂ ಸ್ಮಿತ್ತನ ಅಧ್ಯಾಯ ಬಿದ್ದುಹೋಯಿತೆಂದು ಹೇಳುವುದು ನ್ಯಾಯವಲ್ಲ. ಹಿಂಪಾವತಿ ಪಡೆದ ಸರಕನ್ನು ಕಳ್ಳತನದಿಂದ ಮರಳಿ ಇಳಿಸುವ ವಂಚನೆಯನ್ನು ಅವನು ಆಗಲೇ ಕಂಡಿದ್ದನು. ಇಂದಿನ ದಾಖಲೆಗಳ ಭಾರಕ್ಕೆ ಆ ಭೀತಿಯೇ ಕಾರಣಗಳಲ್ಲೊಂದು. ಅವನ ತತ್ತ್ವ ಸರಿಯಾದುದೇ. ಕೊರತೆಯಿರುವುದು ತತ್ತ್ವದಿಂದ ಆಚರಣೆಗೆ ಇರುವ ದೂರವನ್ನು ಅಳೆಯದುದರಲ್ಲಿ. ಆ ದೂರವನ್ನು ಅಳೆಯುವುದು ಇತಿಹಾಸಕಾರನ ಕೆಲಸ. ಬಾರಕೂರು, ಬಸರೂರುಗಳ ಶಾಸನಗಳಲ್ಲಿ ಸುಂಕದ ಉಲ್ಲೇಖವನ್ನು ಕಂಡಾಗ ನಾವು ರಾಜ್ಯದ ಆದಾಯವನ್ನಷ್ಟೇ ಎಣಿಸುತ್ತೇವೆ. ಸುಂಕವನ್ನು ಯಾರು, ಯಾವಾಗ ತೆತ್ತರು, ಯಾರಿಗೆ ವಿನಾಯಿತಿ ದೊರೆಯಿತು ಎಂಬ ಪ್ರಶ್ನೆಗಳನ್ನೂ ಕೇಳಿದರೆ, ಕರಾವಳಿಯ ವಾಣಿಜ್ಯದ ಚರಿತ್ರೆಯಲ್ಲಿ ಅರಸನೊಡನೆ ವರ್ತಕನೂ ಕೂಲಿಯವಳೂ ಕಾಣಿಸಿಕೊಂಡಾರು.