ಗೂಡಿನ ಚಿತ್ರದಲ್ಲಿ ಔಚಿತ್ಯ

ಛಾಯಾಚಿತ್ರವನ್ನು ಕಾವ್ಯದಂತೆ ವಿಮರ್ಶಿಸಬಹುದೇ ಎಂದು ಕೆಲವರು ಕೇಳುವುದುಂಟು. ವಿಮರ್ಶಿಸಲೇಬೇಕು ಎಂಬುದು ಈಚಿನ ಒಂದು ಅನುಭವದಿಂದ ನನಗೆ ಮನವರಿಕೆಯಾಗಿದೆ.

ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, ಅಲ್ಲಿ ಕಾವಲುಂಟು. ಶಹಾಬಾದಿನ ಸುತ್ತ ಫರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಗಳಿಗೆ ಅದಿಲ್ಲ. ಕೊಂಬಿನ ಗೂಬೆಗೆ ಇಂಥ ತಾಣವೇ ಪ್ರಿಯ. ಅದು ಕಡ್ಡಿ ಕೂಡಿಸಿ ಗೂಡು ಕಟ್ಟುವುದಿಲ್ಲ; ಬಂಡೆಯಂಚಿನ ಬರಿಯ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಅಲ್ಲಿ ತೆಗೆದ ಎರಡು ಚಿತ್ರಗಳನ್ನು ಮಿತ್ರರೊಬ್ಬರು ನನಗೆ ಕೊಟ್ಟಿದ್ದರು. ಮೊದಲನೆಯದರಲ್ಲಿ ಮೂರು ಮರಿಗಳು ಬಿಸಿಲಿನಲ್ಲಿ ಸಾಲಾಗಿ, ಬಾಯಿ ತೆರೆದು ನಮ್ಮತ್ತಲೇ ನೋಡುತ್ತಿವೆ. ಒಂದೊಂದು ತುಪ್ಪುಳವನ್ನೂ ಎಣಿಸುವಷ್ಟು ನಿಚ್ಚಳ. ಎರಡನೆಯದರಲ್ಲಿ ದೊಡ್ಡದೊಂದು ಕಲ್ಲುಗೋಡೆ, ಒಣಹುಲ್ಲು. ಹುಲ್ಲಿನ ನೆರಳಿನಲ್ಲಿ ತಾಯಿ, ಅದರ ಮಗ್ಗುಲಲ್ಲಿ ಮರಿಯ ತಲೆಯೊಂದು ಕಂಡೂ ಕಾಣದಂತೆ. ನಾನು ಮೊದಲನೆಯದನ್ನೇ ಮೆಚ್ಚಿ, ವಾತ್ಸಲ್ಯಕ್ಕೆ ನಿದರ್ಶನವೆಂದು ತರಗತಿಯಲ್ಲಿ ತೋರಿಸಿದೆ.

“ಸರ್, ಇದರಾಗ ತಾಯಿ ಎಲ್ಲದರಿ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

ನಾನು ನಿರುತ್ತರನಾದೆ. ಮತ್ತೆ ನೋಡಿದಾಗ ಚಿತ್ರದ ಅಂಚಿನಲ್ಲಿ ಹೊಸದಾಗಿ ಕೊಯ್ದ ಹುಲ್ಲಿನ ಬುಡಗಳು ಕಂಡವು. ಮರೆಯನ್ನು ತೆಗೆದವರು ಯಾರೆಂದು ಹೇಳಬೇಕಾಗಿಲ್ಲ. ಮರಿಗಳು ಬಾಯಿ ತೆರೆದುದು ಹಸಿವಿನಿಂದಲ್ಲ. ಹಕ್ಕಿಗೆ ಬೆವರಿಲ್ಲ, ಮೈಕಾವನ್ನು ಅದು ಏದುಸಿರಿನಿಂದಲೇ ಕಳೆಯಬೇಕು. ಮನುಷ್ಯನಿಗೆ ಅಂಜಿ ತಾಯಿ ದೂರವಾದರೆ ನಮ್ಮ ಸೀಮೆಯ ಬಿಸಿಲೇ ಮರಿಗಳಿಗೆ ಮೃತ್ಯು. ನಾನು ವಾತ್ಸಲ್ಯವೆಂದು ಓದಿದ್ದು ಸಂಕಟವನ್ನು.

ಇಂಗ್ಲೆಂಡಿನ ಪ್ರಸಿದ್ಧ ಪಕ್ಷಿಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಡಿನ ಬಳಿ ಗೂಬೆಯ ಉಗುರಿಗೆ ಎಡಗಣ್ಣನ್ನೇ ತೆತ್ತರು. ಅದನ್ನು ಸಾಹಸವೆಂದು ಹೊಗಳುವ ನಾವು ಹಕ್ಕಿಯ ಭಯವನ್ನು ಮರೆಯುತ್ತೇವೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಾದರೋ ಕಾಡುಹಕ್ಕಿಯ ಗೂಡನ್ನು ಕದಡುವುದನ್ನೂ ‘ಬೇಟೆ’ಯಲ್ಲಿಯೇ ಸೇರಿಸಿದೆ. ಶಬ್ದಾರ್ಥದ ಮೇಷ್ಟರಾದ ನಮಗಿಂತ ಶಾಸನಕಾರರೇ ಇಲ್ಲಿ ಸೂಕ್ಷ್ಮಜ್ಞರು.

ಹಾಗೆಂದು ಗೂಡಿನ ಚಿತ್ರವೇ ಬೇಡವೆಂಬುದು ನನ್ನ ವಾದವಲ್ಲ. ಗೂಬೆಯನ್ನು ಅಪಶಕುನವೆನ್ನುವ ನಾಡಿನಲ್ಲಿ, ಅದು ಹೊಲದ ಇಲಿ ಹಿಡಿದು ಮರಿ ಸಾಕುವುದನ್ನು ತೋರಿಸುವ ಚಿತ್ರ ಉಪಕಾರಿಯೇ. ಆದರೆ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಬಗೆದನಷ್ಟೆ; ಇಲ್ಲಿ ಔಚಿತ್ಯವೆಂದರೆ ದೂರ. ಎರಡನೆಯ ಚಿತ್ರ ಮಸುಕು, ನಿಜ. ಆದರೆ ಅದರಲ್ಲಿ ತಾಯಿಯಿದ್ದಾಳೆ, ನೆರಳಿದೆ. ಚಿತ್ರ ತೆಗೆದವರು ಬಂದುಹೋದುದರ ಗುರುತಿಲ್ಲ.

ಮಿತ್ರರಿಗೆ ಇಷ್ಟನ್ನೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ತರಗತಿಯ ಗೋಡೆಯ ಮೇಲೆ ಈಗ ಎರಡನೆಯ ಚಿತ್ರವಿದೆ.