ಕಾರಿನಿಂದ ಹಾರಿದ ಎಂಜಿನ್

ಅಮೆರಿಕದಲ್ಲಿ 1960ರ ದಶಕದಲ್ಲಿ ತಯಾರಾದ ಷೆವರ್ಲೆ ಕಾರ್ವೇರ್ ಕಾರಿನ ಎಂಜಿನ್, ಎದುರುಬದುರಾಗಿ ಮಲಗಿದ ಆರು ಸಿಲಿಂಡರುಗಳಿಂದ ಕೂಡಿದ್ದು ನೀರಿಲ್ಲದೆ ಗಾಳಿಯಿಂದಲೇ ತಣಿಯುತ್ತಿದ್ದುದರಿಂದ, ಮಿನ್ನೆಸೋಟದ ಬರ್ನಾರ್ಡ್ ಪೀಟನ್‌ಪೋಲ್ ತಮ್ಮ ಏರ್ ಕ್ಯಾಂಪರ್ ವಿಮಾನಕ್ಕೆ ಅದನ್ನು ಒಗ್ಗಿಸಿದರು. ಹೀಗೆ ವಿಮಾನಕ್ಕೆ ಒಗ್ಗಿಸಿದ ಹಳೆಯ ಎಂಜಿನನ್ನು ಹಾರಾಟಕ್ಕೆಂದು ಮಾರಬೇಕೇ, ಬೇರೆ ಕೆಲಸಕ್ಕೆ ಹಚ್ಚಬೇಕೇ ಎಂಬುದನ್ನು ನಿರ್ಧರಿಸುವುದು ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್ನುಗಳ ಓಡಾಟವನ್ನು ತಿರುಗುವಿಕೆಯಾಗಿಸುವ ಉಕ್ಕಿನ ದಂಡ. ಕಾರಿನಲ್ಲಿ ಪ್ರೊಪೆಲ್ಲರಿನ ಎಳೆತವನ್ನೇ ಕಾಣದಿದ್ದ ಈ ದಂಡಕ್ಕೆ ಆಸರೆಯಾಗಿ ಐದನೆಯ ಬೇರಿಂಗನ್ನು ಸೇರಿಸುವುದು ಪರಿವರ್ತನಕಾರರ ಜಾಣ್ಮೆಗೆ ಸಾಕ್ಷಿ. ದಂಡದ ತಿರುವಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಎಂಜಿನ್ ಹಾರಾಟಕ್ಕೆ ಸಲ್ಲದು. ಆದರೂ ಸಿಲಿಂಡರು, ಹೆಡ್ಡುಗಳು ಗಟ್ಟಿಯಾಗಿದ್ದರೆ, ಹಳೆಯ ಕಾರ್ವೇರನ್ನು ಜೋಪಾನ ಮಾಡುವವರಿಗೆ ಅವನ್ನು ಬಿಡಿಬಿಡಿಯಾಗಿ ಒಪ್ಪಿಸುವುದು ಗುಜರಿಗೆ ಹಾಕುವುದಕ್ಕಿಂತ ಲೇಸು.