'ಹೋರ್ಟುಸ್ ಮಲಬಾರಿಕುಸ್' ಗ್ರಂಥದ ಕರ್ತೃತ್ವ ವಿಚಾರ

ಆಮ್‌ಸ್ಟರ್‌ಡಾಮಿನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಾಗಿ ಅಚ್ಚಾದ 'ಹೋರ್ಟುಸ್ ಮಲಬಾರಿಕುಸ್' ಎಂಬ ಲ್ಯಾಟಿನ್ ಗ್ರಂಥವು ಮಲೆಯಾಳದ ಗಿಡಮರಗಳನ್ನೂ ಅವುಗಳ ಔಷಧಗುಣಗಳನ್ನೂ ವರ್ಣಿಸುತ್ತದೆ. ಡಚ್ಚರ ಅಧಿಪತಿಯಾಗಿದ್ದ ವಾನ್ ರೀಡೆಯೇ ಇದರ ಕರ್ತೃವೆಂಬುದು ರೂಢಿ. ಈ ರೂಢಿಯು ಅಸಮಗ್ರವೆಂಬುದಕ್ಕೆ ಗ್ರಂಥದೊಳಗೇ ಸಾಕ್ಷ್ಯವುಂಟು. ಈಳವ ವೈದ್ಯನಾದ ಇಟ್ಟಿ ಅಚ್ಯುತನ್ 1675ರಲ್ಲಿ ಕೋಲೆಳುತ್ತು ಲಿಪಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವು ಮೊದಲನೆಯ ಸಂಪುಟದಲ್ಲಿಯೇ ಮುದ್ರಿತವಾಗಿದೆ. ಮರ, ಗಿಡ, ಬಳ್ಳಿಗಳ ಹೆಸರನ್ನೂ ಗುಣವನ್ನೂ ತನ್ನ ಮನೆಯ ಪುಸ್ತಕದಿಂದ ದುಭಾಷಿಗೆ ಹೇಳಿದವನು ತಾನೆಂದು ಆತನು ಅದರಲ್ಲಿ ತಿಳಿಸುತ್ತಾನೆ. ಜೊತೆಯಲ್ಲಿರುವ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರ ಕೊಂಕಣಿ ಪತ್ರವು ನಿಘಂಟನ್ನು ಆಧಾರವಾಗಿ ಹಿಡಿಯುತ್ತದೆ. ಒಂದು ಶಾಸ್ತ್ರದ ಮಾತು, ಇನ್ನೊಂದು ಮನೆತನದ ಅನುಭವದ ಮಾತು; ನಮಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ.

ಅಚ್ಯುತನ ಮಾತು ಪೋರ್ಚುಗೀಸನ್ನೂ ಡಚ್ಚನ್ನೂ ದಾಟಿ ಲ್ಯಾಟಿನ್ನಿಗೆ ಬಂದಿತು. ಎಲೆ, ಹೂ, ಕಾಯಿಗಳ ವರ್ಣನೆ ದೀರ್ಘವಾಗಿ ಬೆಳೆದು ಔಷಧದ ಮಾತು ಚುಟುಕಾಯಿತು. ಕೆಡದೆ ಉಳಿದುವು ಹೆಸರುಗಳು. 'ತೊಟ್ಟಾವಾಡಿ' ಎಂದರೆ ಮುಟ್ಟಿದರೆ ಬಾಡುವುದು. ನಮ್ಮ 'ಮುಟ್ಟಿದರೆ ಮುನಿ' ಬೇರೆ ಗಿಡವಾದರೂ ಹೆಸರಿಟ್ಟ ಬುದ್ಧಿ ಒಂದೇ. ಇಂತಹ ಹೆಸರು ಕಣ್ಣಾರೆ ಕಂಡವರದು, ಪಂಡಿತರು ಕಟ್ಟಿದ್ದಲ್ಲ. ಪತ್ರವನ್ನು ಅದರ ಲಿಪಿಯಲ್ಲಿಯೇ ಅಚ್ಚುಹಾಕಿಸಿದ ವಾನ್ ರೀಡೆಯ ಪ್ರಾಮಾಣಿಕತೆ ಮೆಚ್ಚತಕ್ಕದ್ದೇ. ಮಣಿಲಾಲರ ಇಂಗ್ಲಿಷ್ ಅನುವಾದವು 2003ರಲ್ಲಿ ಹೊರಬಂದ ಮೇಲೂ ಗ್ರಂಥಸೂಚಿಗಳಲ್ಲಿ ಅಚ್ಯುತನ ಹೆಸರನ್ನು ಬಿಡುವುದಕ್ಕೆ ಕಾರಣ ಕಾಣದು.